‘ರೀಫ್ ಸೇಫ್’ ಸನ್‌ಸ್ಕ್ರೀನ್ ವಿಮರ್ಶೆ: ಟ್ಯೂಬ್ ತಿರುಗಿಸಿ ಓದಿ, ಅದಕ್ಕೂ ಮೊದಲು ಉದ್ದ ತೋಳಿನ ಅಂಗಿ ಕೊಳ್ಳಿ

ನೇತ್ರಾಣಿ, ಅಂಡಮಾನ್, ಲಕ್ಷದ್ವೀಪ ಎಂದು ಹೊರಡುವವರ ಬ್ಯಾಗಿನಲ್ಲಿ ಈಗ ಹೊಸದೊಂದು ಟ್ಯೂಬ್ ಸೇರಿಕೊಂಡಿದೆ. ಅದರ ಮೇಲೆ ಆಮೆಯ ಚಿತ್ರವೋ ಹವಳದ ಕೊಂಬೆಯ ಚಿತ್ರವೋ ಇರುತ್ತದೆ, ಪಕ್ಕದಲ್ಲಿ ‘ರೀಫ್ ಸೇಫ್’ ಅಥವಾ ‘ರೀಫ್ ಫ್ರೆಂಡ್ಲಿ’, ಅಂದರೆ ಹವಳದ ದಿಬ್ಬಕ್ಕೆ ಹಾನಿಯಿಲ್ಲ ಎಂಬ ಬರಹ. ಮಾಮೂಲಿ ಸನ್‌ಸ್ಕ್ರೀನಿಗಿಂತ ಬೆಲೆಯೂ ಜಾಸ್ತಿ. ಇದು ಯಾವುದೋ ಒಂದು ಕಂಪನಿಯ ಮಾಲಿನ ವಿಮರ್ಶೆಯಲ್ಲ, ಈ ಇಡೀ ಜಾತಿಯ ಮಾಲಿನದ್ದು: ಝಿಂಕ್ ಆಕ್ಸೈಡ್ ಎಂಬ, ಬಿಸಿಲು ತಡೆಯುವ ಬಿಳಿ ಖನಿಜದ ಪುಡಿ ಇರುವ ಕ್ರೀಮ್, ಸ್ಟಿಕ್, ಸ್ಪ್ರೇ, ಮತ್ತು ಈ ಮೂರಕ್ಕೂ ಪೈಪೋಟಿಯಾಗಿ ನಿಲ್ಲುವ ರ‍್ಯಾಶ್ ಗಾರ್ಡ್, ಅಂದರೆ ನೀರಿಗಿಳಿಯುವಾಗ ತೊಡುವ ಮೈಗಂಟುವ ಉದ್ದ ತೋಳಿನ ಅಂಗಿ.

ತೀರ್ಪನ್ನು ಮೊದಲೇ ಹೇಳುತ್ತೇವೆ. ದುಡ್ಡು ಒಂದಕ್ಕೇ ಇದೆಯೆಂದರೆ ರ‍್ಯಾಶ್ ಗಾರ್ಡ್ ಕೊಳ್ಳಿ. ಅದರ ಜೊತೆಗೆ, ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ, ಝಿಂಕ್ ಸ್ಟಿಕ್ ಒಂದು. ಕ್ರೀಮ್ ಆದೀತು, ಆದರೆ ಹಿಂಬದಿಯ ಪಟ್ಟಿ ಓದಿದ ಮೇಲೆ. ಸ್ಪ್ರೇ ಬೇಡವೇ ಬೇಡ. ‘ರೀಫ್ ಸೇಫ್’ ಎಂಬ ಎರಡು ಪದಗಳಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ, ಏಕೆಂದರೆ ಆ ಪದಗಳಿಗೆ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಒಂದು ರಾಸಾಯನಿಕ ಬಿಟ್ಟವರೂ ಅದನ್ನು ಅಚ್ಚು ಹಾಕಬಹುದು, ಹತ್ತು ಬಿಟ್ಟವರೂ ಹಾಕಬಹುದು.

ಹವಳಕ್ಕೆ ಸನ್‌ಸ್ಕ್ರೀನ್ ಏನು ಮಾಡುತ್ತದೆ ಎಂಬುದು ಗೊತ್ತಿದ್ದರೆ ಪಟ್ಟಿ ಓದುವುದು ಸುಲಭ. ಹವಳವೆಂದರೆ ಕಲ್ಲಲ್ಲ, ಗಿಡವೂ ಅಲ್ಲ. ಸುಣ್ಣದ ಗೂಡು ಕಟ್ಟಿಕೊಂಡು ಸಾವಿರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಬದುಕುವ ಪುಟ್ಟ ಪ್ರಾಣಿಗಳು. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ ಪ್ರಾಣಿಗೆ ಕೊಡುತ್ತದೆ, ಪ್ರಾಣಿ ಅದಕ್ಕೆ ಮನೆ ಕೊಡುತ್ತದೆ. ನೀರು ಬೇಸಿಗೆಯ ವಾಡಿಕೆಗಿಂತ ಒಂದೇ ಒಂದು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ.

2008ರಲ್ಲಿ ಇಟಲಿಯ ಸಂಶೋಧಕರು ಮೈಗೆ ಹಚ್ಚಿದ ಸನ್‌ಸ್ಕ್ರೀನಿನಲ್ಲಿ ಕನಿಷ್ಠ ಕಾಲುಭಾಗ ಈಜುವಾಗ ನೀರಿಗೆ ಬಿಡುತ್ತದೆ ಎಂದು ಅಂದಾಜಿಸಿದರು. 2015ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ಡೌನ್ಸ್ ಮತ್ತು ಜೊತೆಗಾರರು ಆಕ್ಸಿಬೆಂಝೋನ್ ಎಂಬ ಫಿಲ್ಟರ್, ಅಂದರೆ ಬಿಸಿಲು ತಡೆಯಲು ಕ್ರೀಮಿಗೆ ಹಾಕುವ ವಸ್ತು, ಹವಳದ ಮರಿಗಳನ್ನು ವಿಕಾರಗೊಳಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡರು. ಲಕ್ಷ ಕೋಟಿ ಪಾಲು ನೀರಿಗೆ 62 ಪಾಲು ಇದ್ದರೂ ಪರಿಣಾಮ ಕಾಣಿಸಿತು ಎಂಬುದು ಆಗ ದೊಡ್ಡ ಸುದ್ದಿಯಾಯಿತು. ಸಮುದ್ರದಲ್ಲಿ ನಿಜಕ್ಕೂ ಅಷ್ಟು ಸೇರುತ್ತದೆಯೇ, ಸೇರಿದರೂ ಎಷ್ಟು ಹೊತ್ತು ಉಳಿಯುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲ. ಈ ವಾದಕ್ಕೆ ಹೊಸ ತಿರುವು ಕೊಟ್ಟದ್ದು 2022ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಿಂದ ಬಂದ ಸಂಶೋಧನೆ. ಹವಳದ ಹತ್ತಿರದ ಬಂಧುವಾದ ಕಡಲ ಹೂವಿನ, ಅಂದರೆ ಸೀ ಅನಿಮನಿಯ ಮೇಲೆ ಅವರು ಪ್ರಯೋಗ ಮಾಡಿದರು. ಆ ಪ್ರಾಣಿ ಆಕ್ಸಿಬೆಂಝೋನನ್ನು ಹೊರಹಾಕಲು ಅದಕ್ಕೊಂದು ಸಕ್ಕರೆಯ ಕಣ ಜೋಡಿಸುತ್ತದೆ. ನಮ್ಮ ಚರ್ಮದ ಮೇಲೆ ಬಿಸಿಲನ್ನು ನುಂಗಿ ನಿರುಪದ್ರವಿ ಶಾಖವಾಗಿಸುವ ವಸ್ತು, ಸಕ್ಕರೆ ಸೇರಿದೊಡನೆ ಅದೇ ಬಿಸಿಲನ್ನು ನುಂಗಿ ಜೀವಕೋಶ ಸುಡುವ ವಿಷವಾಗುತ್ತದೆ. ಆಕ್ಸಿಬೆಂಝೋನ್ ಬೆರೆತ ನೀರಿನಲ್ಲಿ ಅತಿನೇರಳೆ ಕಿರಣ ತಾಗದ ಪ್ರಾಣಿಗಳು ಬದುಕಿದವು, ತಾಗಿದವು 17 ದಿನದೊಳಗೆ ಸತ್ತವು. ಒಳಗಿನ ಪಾಚಿ ಈ ವಿಷದ ಒಂದು ಪಾಲನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ಪ್ರಾಣಿಯನ್ನು ಕಾಯುತ್ತದೆ ಎಂಬುದೂ ಅಲ್ಲೇ ತಿಳಿಯಿತು. ಪಾಚಿ ಕಳೆದುಕೊಂಡು ಬಿಳಿಚಿದ ಪ್ರಾಣಿಗೆ ಆ ಕಾವಲಿಲ್ಲ, ಅದು ಬೇಗ ಸಾಯುತ್ತದೆ.

ಈ ಕಡೆಯ ಮಾತೇ ನಮ್ಮ ವಿಮರ್ಶೆಯ ಬುಡ. ಹವಳಕ್ಕೆ ದೊಡ್ಡ ಶತ್ರು ಬಿಸಿಯಾದ ಸಮುದ್ರ, ಅದರಲ್ಲಿ ಅನುಮಾನವಿಲ್ಲ. ಜಗತ್ತಿನ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆಯನ್ನು 2024ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ದೃಢಪಡಿಸಲಾಯಿತು. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಮರದ ಹಡಗುಗಳು ಸರಕು ಹೊತ್ತು ಹೋಗುವ ಲಕ್ಷದ್ವೀಪದಲ್ಲೂ ಆ ಬೇಸಿಗೆ ಹವಳ ವ್ಯಾಪಕವಾಗಿ ಬಿಳಿಚಿತು. ಅಲ್ಲಿನ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 1998ರಲ್ಲಿ 37 ಪ್ರತಿಶತ ಇದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಸುಮಾರು 19 ಪ್ರತಿಶತಕ್ಕೆ ಇಳಿದಿತ್ತು. ‘ಸಮುದ್ರವೇ ಕಾದಿರುವಾಗ ನನ್ನ ಒಂದು ಟ್ಯೂಬಿನಿಂದೇನು’ ಎಂದು ಕೇಳುವವರಿಗೆ ಉತ್ತರ ಮೇಲಿನ ಪ್ರಯೋಗದಲ್ಲೇ ಇದೆ. ಕಾದ ನೀರಿನಲ್ಲಿ ಬಿಳಿಚಿ ನಿಂತ ಹವಳಕ್ಕೆ ಟ್ಯೂಬಿನ ವಿಷ ಹೆಚ್ಚು ತಾಗುತ್ತದೆ. ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳೇ ನಮ್ಮ ಕಡೆ ನೀರು ಅತಿ ಹೆಚ್ಚು ಕಾಯುವ ತಿಂಗಳೂ ಹೌದು.

ಈಗ ಟ್ಯೂಬ್ ತಿರುಗಿಸಿ. ಮುಂಭಾಗದಲ್ಲಿರುವ ‘ಮಿನರಲ್’, ‘ನ್ಯಾಚುರಲ್’, ‘ಓಷನ್ ಫ್ರೆಂಡ್ಲಿ’ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಹಿಂಬದಿಯ ಸಣ್ಣಕ್ಷರದಲ್ಲಿ ಮೊದಲು ಹುಡುಕಬೇಕಾದ ಹೆಸರು ಆಕ್ಸಿಬೆಂಝೋನ್, ಇದನ್ನು ಬೆಂಝೋಫಿನೋನ್-3 ಎಂದೂ ಬರೆಯುತ್ತಾರೆ. ಎರಡನೆಯದು ಆಕ್ಟಿನಾಕ್ಸೇಟ್. ಭಾರತದ ಟ್ಯೂಬುಗಳಲ್ಲಿ ಈ ಹೆಸರು ಕಾಣುವುದು ಕಡಿಮೆ, ‘ಎಥೈಲ್‌ಹೆಕ್ಸಿಲ್ ಮೆಥಾಕ್ಸಿಸಿನ್ನಮೇಟ್’ ಎಂಬ ಉದ್ದ ಹೆಸರಿರುತ್ತದೆ, ಎರಡೂ ಒಂದೇ. ಗುರುತು ಸಿಗದೆ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಇದೇ. ಮೂರನೆಯದು ಆಕ್ಟೋಕ್ರಿಲೀನ್. ಇದು ಟ್ಯೂಬಿನೊಳಗೆ ಹಳೆಯದಾದಂತೆ ಬೆಂಝೋಫಿನೋನ್ ಆಗಿ ಒಡೆಯುತ್ತದೆ, ಹಾಗಾಗಿ ಕಳೆದ ವರ್ಷದ ಉಳಿಕೆ ಟ್ಯೂಬ್ ಹೊಸದಕ್ಕಿಂತ ಕೆಟ್ಟದ್ದು. ನಾಲ್ಕನೆಯದು 4-ಮೀಥೈಲ್‌ಬೆಂಝಿಲಿಡೀನ್ ಕ್ಯಾಂಫರ್. ಈ ನಾಲ್ಕರಲ್ಲಿ ಒಂದಿದ್ದರೂ ಟ್ಯೂಬನ್ನು ಕಪಾಟಿನಲ್ಲೇ ಬಿಡಿ.

ಯಾವುದನ್ನು ಬಿಡಬೇಕು ಎಂಬುದಕ್ಕೆ ಅಳತೆಗೋಲು ಬೇಕಿದ್ದರೆ ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ಪಲಾವ್ ಮಾಡಿದ ಕಾನೂನನ್ನು ಇಟ್ಟುಕೊಳ್ಳಿ. ಹವಾಯಿ ರಾಜ್ಯ 2018ರಲ್ಲಿ ಕಾನೂನು ಮಾಡಿ 2021ರ ಜನವರಿ 1ರಿಂದ ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಎರಡನ್ನು ಮಾತ್ರ ಮಾರಾಟದಿಂದ ತೆಗೆಯಿತು. ಥಾಯ್ಲೆಂಡ್ 2021ರ ಆಗಸ್ಟ್‌ನಲ್ಲಿ ತನ್ನ ಸಾಗರ ರಾಷ್ಟ್ರೀಯ ಉದ್ಯಾನಗಳೊಳಗೆ ನಾಲ್ಕು ರಾಸಾಯನಿಕಗಳನ್ನು ನಿಷೇಧಿಸಿ ಒಂದು ಲಕ್ಷ ಬಾತ್‌ವರೆಗೆ ದಂಡ ಇಟ್ಟಿತು. 2020ರ ಜನವರಿ 1ರಿಂದ ಜಾರಿಯಾದ ಪಲಾವ್ ಪಟ್ಟಿಯಲ್ಲಿ ಹತ್ತು ಹೆಸರಿವೆ. ನಾವು ಕಪಾಟಿನಲ್ಲೇ ಬಿಡಿ ಎಂದ ನಾಲ್ಕು ಫಿಲ್ಟರ್ ಅಲ್ಲದೆ ಟ್ರೈಕ್ಲೋಸಾನ್, ನಾಲ್ಕು ಬಗೆಯ ಪ್ಯಾರಬೆನ್, ಮತ್ತು ಫಿನಾಕ್ಸಿಎಥನಾಲ್. ಕಡೆಯದು ಕ್ರೀಮ್ ಕೆಡದಂತೆ ಹಾಕುವ ವಸ್ತು, ಸನ್‌ಸ್ಕ್ರೀನ್ ಫಿಲ್ಟರೇ ಅಲ್ಲ. ಆದ್ದರಿಂದಲೇ ‘ರೀಫ್ ಸೇಫ್’ ಎಂದು ಎದೆತಟ್ಟಿಕೊಳ್ಳುವ ಹಲವು ಝಿಂಕ್ ಕ್ರೀಮುಗಳಲ್ಲೂ ಅದು ಇರುತ್ತದೆ, ಪಲಾವ್ ಕಾನೂನಿನ ಮುಂದೆ ಅವು ನಪಾಸು. ಸ್ಟಿಕ್ ಈ ವಿಷಯದಲ್ಲಿ ಗೆಲ್ಲುತ್ತದೆ. ಮೇಣ ಮತ್ತು ಎಣ್ಣೆಯಲ್ಲಿ ಮಾಡಿದ ಸ್ಟಿಕ್‌ನಲ್ಲಿ ನೀರಿನಂಶವಿಲ್ಲ, ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ, ಹಾಗಾಗಿ ಈ ಬಗೆಯ ಸಂರಕ್ಷಕ ಬಹುಪಾಲು ಬೇಕಾಗುವುದಿಲ್ಲ.

ಇನ್ನೆರಡು ಬಲೆಗಳಿವೆ. ‘ಹೈಬ್ರಿಡ್’ ಎಂದಿದ್ದರೆ ಝಿಂಕ್ ಜೊತೆಗೆ ರಾಸಾಯನಿಕ ಫಿಲ್ಟರೂ ಇದೆ ಎಂದರ್ಥ. ನಮ್ಮ ಅಂಗಡಿಗಳಲ್ಲಿ ‘ಮಿನರಲ್’ ಎಂಬ ದೊಡ್ಡಕ್ಷರದ ಕೆಳಗೆ ಇವೇ ಹೆಚ್ಚು ಸಿಗುತ್ತವೆ. ಇನ್ನೊಂದು ಬ್ಯುಟೈಲ್‌ಆಕ್ಟಿಲ್ ಸ್ಯಾಲಿಸಿಲೇಟ್. ಇದು ಆಕ್ಟಿಸಲೇಟ್ ಎಂಬ ಫಿಲ್ಟರಿನ ಹತ್ತಿರದ ನೆಂಟ. ಆದರೆ ಕಾಗದದ ಮೇಲೆ ಇದನ್ನು ಫಿಲ್ಟರ್ ಎಂದು ಎಣಿಸುವುದಿಲ್ಲ, ಹಾಗಾಗಿ ‘100% ಮಿನರಲ್’ ಎಂದು ಬರೆದ ಟ್ಯೂಬಿನಲ್ಲೂ ನುಸುಳಿ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಶಕ್ತಿಯ ಅಂಕಿಯನ್ನು ಎತ್ತುತ್ತದೆ. ಬರೀ ಝಿಂಕ್‌ನಿಂದ ಎಸ್‌ಪಿಎಫ್ 50 ಮುಟ್ಟುವುದು ಸುಲಭವಲ್ಲ. 20 ಪ್ರತಿಶತದ ಆಸುಪಾಸು ಝಿಂಕ್ ಆಕ್ಸೈಡ್ ಇರುವ ಕ್ರೀಮ್ ಸಾಮಾನ್ಯವಾಗಿ ಎಸ್‌ಪಿಎಫ್ 30ರ ಹತ್ತಿರ ನಿಲ್ಲುತ್ತದೆ. ಅಷ್ಟು ಸಾಕು ಕೂಡ. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 30 ಸುಮಾರು 97 ಪ್ರತಿಶತ ಯುವಿಬಿ ಕಿರಣ, ಅಂದರೆ ಚರ್ಮ ಸುಡುವ ಅತಿನೇರಳೆ ಕಿರಣ ತಡೆದರೆ 50 ತಡೆಯುವುದು 98. ಪ್ರಾಮಾಣಿಕವಾದ 30 ಎಂಬ ಟ್ಯೂಬ್ ನಮಗೆ 50+ ಎನ್ನುವ ಟ್ಯೂಬಿಗಿಂತ ಹೆಚ್ಚು ಭರವಸೆ ಕೊಡುತ್ತದೆ.

ಝಿಂಕ್ ಎಷ್ಟು ಪ್ರತಿಶತ ಎಂದು ಪಟ್ಟಿಯಲ್ಲಿ ಕಾಣಿಸದಿದ್ದರೆ ಆಶ್ಚರ್ಯವಿಲ್ಲ. ಅಮೆರಿಕದಲ್ಲಿ ಸನ್‌ಸ್ಕ್ರೀನ್ ಔಷಧಿಯ ಲೆಕ್ಕಕ್ಕೆ ಬರುವುದರಿಂದ ಪ್ರಮಾಣ ಅಚ್ಚಾಗಿರುತ್ತದೆ, ನಮ್ಮಲ್ಲಿ ಅದು ಸೌಂದರ್ಯವರ್ಧಕ. ಆದರೂ ಒಂದು ದಾರಿಯಿದೆ. ಹೆಚ್ಚಿರುವ ವಸ್ತುವಿನ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಝಿಂಕ್ ಆಕ್ಸೈಡ್ ಮೊದಲ ಎರಡು ಮೂರು ಹೆಸರುಗಳಲ್ಲಿ ಇಲ್ಲದೆ ಎಂಟನೆಯದೋ ಹತ್ತನೆಯದೋ ಆಗಿದ್ದರೆ ಅದು ತೋರಿಕೆಗೆ ಹಾಕಿದ್ದು. ಕೆಲವರು ಅದನ್ನು ಸಿಐ 77947 ಎಂದು ಬಣ್ಣದ ಸಂಖ್ಯೆಯಿಂದಲೂ ಬರೆಯುತ್ತಾರೆ.

‘ನಾನ್-ನ್ಯಾನೋ’ ಎಂಬ ಮಾತು ಇರಲೇಬೇಕು. ನ್ಯಾನೋ ಎಂದರೆ 100 ನ್ಯಾನೋಮೀಟರಿಗಿಂತ ಸಣ್ಣ ಕಣ. ಸಣ್ಣದಾದಷ್ಟೂ ಮುಖ ಬೆಳ್ಳಗೆ ಕಾಣುವುದಿಲ್ಲ, ಆದರೆ ಸಣ್ಣದಾದಷ್ಟೂ ಅದು ಸಮುದ್ರದ ನೀರಿನಲ್ಲಿ ಬೇಗ ಕರಗಿ ಝಿಂಕ್ ಅಯಾನುಗಳನ್ನು ಬಿಡುತ್ತದೆ. 2018ರ ಒಂದು ಪ್ರಯೋಗದಲ್ಲಿ ಹೊದಿಕೆಯಿಲ್ಲದ ನ್ಯಾನೋ ಝಿಂಕ್ ಆಕ್ಸೈಡ್ ಕೊಂಬೆ ಹವಳವನ್ನು ತೀವ್ರವಾಗಿ ಬಿಳಿಚಿಸಿತು. ಆದ್ದರಿಂದ ‘ಝಿಂಕ್ ಅಂದರೆ ಸಾಕು, ಹವಳಕ್ಕೆ ಏನೂ ಆಗದು’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ದಪ್ಪ ಕಣದ ಝಿಂಕ್ ಕಡಿಮೆ ಕೆಟ್ಟದ್ದು, ಅಷ್ಟೇ. ಕಡಿಮೆ ಕೆಟ್ಟದ್ದನ್ನೂ ಕಡಿಮೆ ಬಳಸುವುದು ಹೇಗೆ ಎಂಬಲ್ಲಿ ಅಂಗಿಯ ಸರದಿ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಟ್ಯೂಬಿನ ಮೇಲಿನ ಎಸ್‌ಪಿಎಫ್ ಸಿಗಬೇಕಾದರೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಬೇಕು, ಪರೀಕ್ಷೆ ನಡೆಯುವುದು ಆ ಪ್ರಮಾಣದಲ್ಲೇ. ವಯಸ್ಕರೊಬ್ಬರ ಮೈಚರ್ಮ ಸುಮಾರು 17,000 ಚದರ ಸೆಂಟಿಮೀಟರ್, ಅಂದರೆ 34 ಗ್ರಾಂ. ಈಜುಡುಗೆ ಮುಚ್ಚುವ ಜಾಗ ಬಿಟ್ಟರೂ 30 ಗ್ರಾಂ ಆಯಿತು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನಾಲ್ಕು ಗಂಟೆಯ ಪ್ರವಾಸಕ್ಕೆ ಒಬ್ಬರಿಗೆ 60 ಗ್ರಾಂ. ಒಂದು 50 ಗ್ರಾಂ ಟ್ಯೂಬ್ ಒಬ್ಬರಿಗೆ ಒಂದು ದಿನಕ್ಕೂ ಸಾಲದು. ಒಂದೇ ಟ್ಯೂಬನ್ನು ನಾಲ್ಕು ಜನ ಮೂರು ದಿನ ಬಳಸಿದರೆ ಹಚ್ಚಿದ್ದು ಬೇಕಾದ್ದರ ಸಣ್ಣದೊಂದು ಪಾಲು. ಬೆನ್ನು ಸುಟ್ಟಾಗ ಟ್ಯೂಬನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಅದೇ ಉದ್ದ ತೋಳಿನ ರ‍್ಯಾಶ್ ಗಾರ್ಡ್ ಮತ್ತು ಕಾಲಿಗೆ ಈಜಿನ ಲೆಗ್ಗಿಂಗ್ಸ್ ತೊಟ್ಟರೆ ಬಿಸಿಲಿಗೆ ಉಳಿಯುವುದು ಮುಖ, ಕಿವಿ, ಕತ್ತು, ಅಂಗೈ ಹಿಂಭಾಗ, ಪಾದದ ಮೇಲ್ಭಾಗ. ಮೈಯ ಹತ್ತನೆಯ ಒಂದು ಪಾಲು, ಹೆಚ್ಚೆಂದರೆ 3ರಿಂದ 4 ಗ್ರಾಂ. ದಿನಕ್ಕೆ ಎರಡು ಸಲ ಹಚ್ಚಿದರೂ ಒಂದು ಟ್ಯೂಬ್ ಒಂದು ವಾರ ಬರುತ್ತದೆ, ಸಮುದ್ರಕ್ಕೆ ಬೀಳುವುದು ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಕಡಿಮೆಯಾಗುತ್ತದೆ. ಬೇರೆ ಯಾವ ‘ರೀಫ್ ಸೇಫ್’ ಮಾಲೂ ಇಷ್ಟು ದೊಡ್ಡ ವ್ಯತ್ಯಾಸ ಮಾಡಲಾರದು. ಅಂಗಿ ಎರಡು ಗಂಟೆಗೊಮ್ಮೆ ಹಚ್ಚುವುದನ್ನೂ ಕೇಳುವುದಿಲ್ಲ.

ಸ್ನಾರ್ಕೆಲಿಂಗ್, ಅಂದರೆ ಉಸಿರುಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದನ್ನು ಮಾಡುವವರು ಇನ್ನೊಂದನ್ನು ಗಮನಿಸಬೇಕು. ಮುಖ ನೀರಿನೊಳಗೆ ಕೆಳಮುಖವಾಗಿರುತ್ತದೆ, ಬಿಸಿಲಿಗೆ ಸಿಗುವುದು ಹಿಂಭಾಗ: ಕತ್ತಿನ ಹಿಂಬದಿ, ಕಿವಿಯ ಹಿಂದೆ, ಬೆನ್ನು, ತೊಡೆಯ ಹಿಂಭಾಗ, ಮೊಣಕಾಲ ಹಿಂದಿನ ಮಡಿಕೆ, ಮೀನಖಂಡ. ಜನ ಶ್ರದ್ಧೆಯಿಂದ ಮುಖಕ್ಕೆ ಹಚ್ಚಿಕೊಂಡು ಈ ಜಾಗಗಳನ್ನು ಮರೆಯುತ್ತಾರೆ. ಟೊಪ್ಪಿಗೆಯಿರುವ ರ‍್ಯಾಶ್ ಗಾರ್ಡ್ ಸಿಕ್ಕರೆ ಕತ್ತು, ಕಿವಿಯ ಚಿಂತೆಯೂ ತೀರಿತು.

ಅಂಗಿ ಕೊಳ್ಳುವಾಗ ಯುಪಿಎಫ್ 50 ಅಥವಾ 50+ ಎಂದಿರಲಿ, ಅಂದರೆ ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲು ಮಾತ್ರ ಬಟ್ಟೆ ದಾಟುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರಿಗೆ ಎಲಾಸ್ಟೇನ್ ಬೆರೆತ, ಒತ್ತಾಗಿ ನೇಯ್ದ ಬಟ್ಟೆ ನೋಡಿ. ಅಳತೆ ಸರಿಯಾಗಿರಲಿ. ಒಂದು ಸೈಜ್ ಚಿಕ್ಕದು ಕೊಂಡು ಎಳೆದು ತೊಟ್ಟರೆ ನೇಯ್ಗೆ ಬಿಚ್ಚಿಕೊಂಡು ತಡೆ ಕುಸಿಯುತ್ತದೆ. ಬೆಳಕಿಗೆ ಹಿಡಿದು ಬೆನ್ನಿನ ಭಾಗ ಹಿಗ್ಗಿಸಿ, ಆಚೆಯ ಬೆರಳು ಸ್ಪಷ್ಟವಾಗಿ ಕಂಡರೆ ಬಿಡಿ. ಬಿಳಿ ಹತ್ತಿಯ ಟೀ ಶರ್ಟ್ ಇದಕ್ಕೆ ಬದಲಿಯಲ್ಲ, ಅದರ ತಡೆ ಒಣಗಿದ್ದಾಗಲೇ ಕಡಿಮೆ, ಒದ್ದೆಯಾದರೆ ಇನ್ನೂ ಕಡಿಮೆ, ಜೊತೆಗೆ ನೀರು ಹೀರಿ ಈಜಿಗೆ ಭಾರ. ಪಾಲಿಯೆಸ್ಟರ್ ಬಟ್ಟೆ ಒಗೆಯುವಾಗ ಪ್ಲಾಸ್ಟಿಕ್ ಎಳೆ ಬಿಡುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ವಾಷಿಂಗ್ ಮೆಷಿನ್‌ಗೆ ಹಾಕದೆ ತಣ್ಣೀರಿನಲ್ಲಿ ಕೈಯಲ್ಲಿ ಅಲುಬಿ ನೆರಳಲ್ಲಿ ಒಣಗಿಸಿದರೆ ಆ ನಷ್ಟವೂ ಕಡಿಮೆ, ಅಂಗಿಯೂ ಬಾಳುತ್ತದೆ.

ಇನ್ನು ಝಿಂಕ್ ಬಳಸುವಾಗ ಎಲ್ಲಿ ಕೆಡುತ್ತದೆ. ಹೆಚ್ಚಿನ ದೂರು ಬಿಳಿ ಬಣ್ಣದ್ದು. ನಮ್ಮ ಮೈಬಣ್ಣದ ಮೇಲೆ ನಾನ್-ನ್ಯಾನೋ ಝಿಂಕ್ ಬೂದುಬೂದಾಗಿ ಕಾಣುವುದು ನಿಜ. ಐರನ್ ಆಕ್ಸೈಡ್ ಬೆರೆಸಿದ, ಬಣ್ಣವಿರುವ ‘ಟಿಂಟೆಡ್’ ಸ್ಟಿಕ್ ತೆಗೆದುಕೊಂಡರೆ ಆ ತೊಂದರೆ ಬಹಳ ಮಟ್ಟಿಗೆ ಹೋಗುತ್ತದೆ. ಸ್ಟಿಕ್ಕನ್ನು ಒಂದು ಸಲ ಎಳೆದರೆ ಸಾಲದು, ಒಂದೇ ಜಾಗದ ಮೇಲೆ ನಾಲ್ಕು ಸಲ ಹಾಯಿಸಿ ಬೆರಳಿನಿಂದ ಹರಡಿ. ನೀರಿಗಿಳಿಯುವ 15ರಿಂದ 20 ನಿಮಿಷ ಮೊದಲು ಹಚ್ಚಿ, ಪದರ ಕೂರಲು ಅಷ್ಟು ಹೊತ್ತು ಬೇಕು. ದೋಣಿಯ ಅಂಚಿನಲ್ಲಿ ಹಚ್ಚಿ ಹಾಗೇ ಧುಮುಕಿದರೆ ಅರ್ಧ ಅಲ್ಲೇ ತೇಲುತ್ತದೆ.

ನೀರಿನೊಳಗೆ ನೋಡಲು ಹಾಕುವ ಮಾಸ್ಕಿನ ಸಿಲಿಕೋನ್ ಅಂಚು ಕೂರುವ ಹಣೆ, ಕೆನ್ನೆ, ಮೇಲ್ದುಟಿಯ ಮೇಲೆ ಯಾವ ಕ್ರೀಮನ್ನೂ ಹಚ್ಚಬೇಡಿ. ಎಣ್ಣೆಯ ಪದರ ಅಂಚನ್ನು ಜಾರಿಸುತ್ತದೆ, ಮಾಸ್ಕ್ ಸೋರುತ್ತದೆ. ಮಾಸ್ಕ್ ಸೋರಿದ ಹೊಸಬರು ಗಾಬರಿಯಲ್ಲಿ ನೇರ ನಿಲ್ಲಲು ಕಾಲು ಊರುವುದು ಹವಳದ ಮೇಲೆಯೇ. ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತದೆ, ಈಜಲು ಕಾಲಿಗೆ ತೊಡುವ ಫಿನ್ನಿನ ಒಂದು ಒದೆತಕ್ಕೆ ಹತ್ತು ವರ್ಷದ ಬೆಳವಣಿಗೆ ಮುರಿಯಬಹುದು. ಅದೂ ಅಲ್ಲದೆ ಹವಳ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಹುಲಿಗಿರುವ ಸ್ಥಾನವೇ ಅದಕ್ಕೂ. ಮುರಿದ ತುಂಡನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವುದೂ ಅಪರಾಧ. ಮಾಸ್ಕಿಗೆ ಮಂಜು ಕವಿಯದಿರಲು ಎಂಜಲು ಸವರುವ ಹಳೆಯ ರೂಢಿಯೇ ಹವಳಕ್ಕೆ ಒಳ್ಳೆಯದು, ಶಾಂಪೂ ಬೇಡ.

ಸ್ಪ್ರೇಯನ್ನು ಯಾಕೆ ತಳ್ಳಿಹಾಕಿದೆವು ಎಂದರೆ, ಗಾಳಿಯಿರುವ ಕಡಲ ದಂಡೆಯಲ್ಲಿ ಅದರ ದೊಡ್ಡ ಪಾಲು ಮೈಗೆ ತಾಗುವುದೇ ಇಲ್ಲ. ಮರಳಿಗೆ ಬೀಳುತ್ತದೆ, ಮುಂದಿನ ಭರತದಲ್ಲಿ ಸಮುದ್ರಕ್ಕೆ. ಉಳಿದದ್ದರಲ್ಲಿ ಸ್ವಲ್ಪ ಪಕ್ಕದವರ ಉಸಿರಿಗೆ.

ನೇತ್ರಾಣಿಗೆ ಸ್ಕೂಬಾಗೆ ಹೋಗುವವರಿಗೆ ಸನ್‌ಸ್ಕ್ರೀನ್ ಬೇಕಾಗುವುದು ಇನ್ನೂ ಕಡಿಮೆ. ದ್ವೀಪ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್. ನೀರಿನೊಳಗೆ ವೆಟ್‌ಸೂಟ್ ಎಂಬ ಮೈಗಂಟುವ ದಪ್ಪ ಉಡುಪು ಇರುತ್ತದೆ, ಬಿಸಿಲು ತಾಗುವುದು ಹೋಗುವ ಬರುವ ದೋಣಿಯಲ್ಲಿ. ಅಗಲ ಅಂಚಿನ ಟೊಪ್ಪಿ, ಉದ್ದ ತೋಳಿನ ಅಂಗಿ, ಮೂಗಿಗೆ ಕಿವಿಗೆ ಸ್ಟಿಕ್, ಇಷ್ಟು ಸಾಕು. ಬುಕಿಂಗ್ ಮಾಡುವಾಗ ವೆಟ್‌ಸೂಟ್ ಪೂರ್ತಿ ತೋಳಿನದೋ ಅರ್ಧ ತೋಳಿನದೋ ಎಂದು ಕೇಳಿಕೊಳ್ಳಿ. ದೋಣಿ ದ್ವೀಪದ ಹತ್ತಿರ ಲಂಗರು ಎಲ್ಲಿ ಹಾಕುತ್ತದೆ ಎಂದೂ ಅದೇ ಉಸಿರಿನಲ್ಲಿ ಕೇಳಿ. ಹವಳದ ಮೇಲೆ ಬಿದ್ದು ಎಳೆದಾಡುವ ಒಂದು ಲಂಗರು ಮಾಡುವ ಹಾನಿಯನ್ನು ಎಷ್ಟು ಟ್ಯೂಬ್ ಬಿಟ್ಟರೂ ಸರಿದೂಗಿಸಲಾಗದು. ತೇಲುಬುರುಡೆಗೆ ಕಟ್ಟುತ್ತೇವೆ, ಇಲ್ಲವೇ ಮರಳಿನ ತಳದಲ್ಲಿ ಮಾತ್ರ ಹಾಕುತ್ತೇವೆ ಎನ್ನುವವರಿಗೆ ದುಡ್ಡು ಕೊಡಿ.

ದಡಕ್ಕೆ ಬಂದ ಮೇಲೆ ನೇರ ಸ್ನಾನಕ್ಕೆ ನಿಲ್ಲಬೇಡಿ. ಝಿಂಕ್ ಬರೀ ನೀರಿಗೆ ಹೋಗುವುದಿಲ್ಲ, ಸೋಪಿಗೂ ಪೂರ್ತಿ ಹೋಗುವುದಿಲ್ಲ. ಅಂಗೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಮುಖ, ಕತ್ತಿಗೆ ಸವರಿ ಒಂದು ನಿಮಿಷ ಬಿಟ್ಟು ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸ್ನಾನ. ಒರೆಸಿದ ಬಟ್ಟೆ ಕಸಕ್ಕೆ. ದ್ವೀಪಗಳಲ್ಲಿ ಬಚ್ಚಲ ನೀರು ಮರಳಿನಲ್ಲಿ ಇಂಗಿ ಕೊನೆಗೆ ಸೇರುವುದು ಅದೇ ಸಮುದ್ರಕ್ಕೆ. ಅಂದಹಾಗೆ ಕೊಬ್ಬರಿ ಎಣ್ಣೆ ಒರೆಸಲು ಮಾತ್ರ, ಬಿಸಿಲು ತಡೆಯಲು ಅಲ್ಲ.

ಸ್ಟಿಕ್ಕನ್ನೂ ಟ್ಯೂಬನ್ನೂ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಕ್ರೀಮ್ ಒಡೆದು ಮೊದಲು ಎಣ್ಣೆ, ಆಮೇಲೆ ಗಟ್ಟಿ ಝಿಂಕ್ ಬರತೊಡಗಿದರೆ ಕುಲುಕಿ ನೋಡಿ, ಕಾಳುಕಾಳಾಗಿದ್ದರೆ ಅದರ ಆಯುಸ್ಸು ಮುಗಿಯಿತು. ಮನೆಯಲ್ಲಿ ಉಳಿದಿರುವ ಆಕ್ಟೋಕ್ರಿಲೀನ್, ಆಕ್ಟಿನಾಕ್ಸೇಟಿನ ಹಳೆ ಟ್ಯೂಬುಗಳನ್ನು ಸಿಂಕಿಗೆ ಹಿಂಡದೆ ಮುಚ್ಚಳ ಬಿಗಿದು, ಹಳೆ ಔಷಧಿ, ಬ್ಯಾಟರಿಗಳನ್ನು ಕೊಡುವ ಅಪಾಯಕಾರಿ ಮನೆಕಸದ ಜೊತೆಗೆ ಕೊಡಿ.